ಬಯಲುಸೀಮೆಯ ಮಳೆಗೊಂದು ರೈನ್‌ಕೋಟ್: ನಮ್ಮ ಪ್ರಚಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಸಣ್ಣ ಹೊಲಿಗೆ ಘಟಕದಲ್ಲಿ ತಯಾರಾಗುವ ರೈನ್‌ಕೋಟ್‌ಗಳಿಗಾಗಿ ನಾವು ರೂಪಿಸಿರುವ ಪ್ರಚಾರ ಈ ಮುಂಗಾರಿನಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಬಟ್ಟೆ ಅಂಗಡಿ, ಸಂತೆ, ಬಸ್ ನಿಲ್ದಾಣಗಳಿಗೆ ಬರಲಿದೆ. ಕಣ್ಣೊಂದನ್ನೇ ನೆಚ್ಚಿಕೊಳ್ಳದೆ ಕಿವಿ, ಮೂಗು, ಕೈ, ನಾಲಿಗೆಗಳನ್ನೂ ಕರೆಯುವ ಪ್ರಚಾರ ಇದು. ಅಂಗಡಿಯವರು, ಕಂಬಳಿ ನೇಕಾರರು, ಜಾಹೀರಾತು ಕಲಿಯುತ್ತಿರುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಮಳೆಯೇ ಕಡಿಮೆ ಇರುವ ಈ ಭಾಗದಲ್ಲಿ ರೈನ್‌ಕೋಟ್‌ಗೆ ಇಷ್ಟೊಂದು ಪ್ರಚಾರ ಬೇಕೇ?

ಬೇಕು. ಮಳೆ ಕಡಿಮೆ ಎಂಬ ಕಾರಣಕ್ಕೇ ಅದು ಬೇರೆ ಬಗೆಯದೂ ಆಗಿರಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಸರಾಸರಿ 600 ಮಿಲಿಮೀಟರ್ ಆಸುಪಾಸು. ಸಾಮಾನ್ಯವಾಗಿ ರೈನ್‌ಕೋಟ್ ಜಾಹೀರಾತುಗಳು ಮಳೆಯನ್ನು ಶತ್ರುವಿನ ಸ್ಥಾನದಲ್ಲಿ ನಿಲ್ಲಿಸುತ್ತವೆ: ಕಪ್ಪು ಆಕಾಶ, ಸಿಡಿಲು, ಮುಖ ಸಿಂಡರಿಸಿಕೊಂಡು ಓಡುವ ಜನ, ಅವರನ್ನು ಪಾರುಮಾಡುವ ಅಂಗಿ. ಮಂಗಳೂರಿಗೋ ಮುಂಬೈಗೋ ಅದು ಒಪ್ಪಬಹುದು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರಿನ ಜನರಿಗೆ ಹೇಗೆ ಒಪ್ಪೀತು? ಇಲ್ಲಿ ಒಳ್ಳೆಯ ಮಳೆ ಬಿದ್ದ ದಿನ ಹೊಲದಿಂದ ಮನೆಗೆ ಓಡುವವರು ಕಡಿಮೆ, ಮನೆಯಿಂದ ಹೊಲಕ್ಕೆ ಹೋಗಿ ಬದುವಿನಲ್ಲಿ ನೀರು ನಿಂತಿತೇ ಎಂದು ನೋಡುವವರು ಹೆಚ್ಚು. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಆ ನೀರನ್ನು ಕಣ್ತುಂಬ ನೋಡಲು ಜನ ಸಾಲುಗಟ್ಟಿ ಹೋದರು. ಇಂಥ ಊರುಗಳಲ್ಲಿ ಮಳೆಯನ್ನು ಬೈದು ಅಂಗಿ ಮಾರುವುದು ಮನೆಗೆ ಬಂದ ನೆಂಟರನ್ನು ಬಾಗಿಲಲ್ಲೇ ಅವಮಾನಿಸಿದ ಹಾಗೆ.

ಆದ್ದರಿಂದ ನಮ್ಮ ಪ್ರಚಾರದ ಮಾತು ಇಷ್ಟೇ: ಮಳೆ ಬಂದಿದೆ, ಹೊರಗೆ ಬನ್ನಿ. ಹಾಲು ಹಾಕಿ ಬರುವವರು, ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವವರು, ಬೈಕಿನಲ್ಲಿ ಹರಿಹರದಿಂದ ದಾವಣಗೆರೆಗೆ ಕೆಲಸಕ್ಕೆ ಬರುವವರು, ಸೈಕಲ್ ತುಳಿದು ಶಾಲೆಗೆ ಹೋಗುವ ಮಕ್ಕಳು, ಇವರೆಲ್ಲ ಮಳೆ ನಿಲ್ಲಲಿ ಎಂದು ಕಾಯಬಾರದು, ಮಳೆಯಲ್ಲೇ ತಮ್ಮ ಕೆಲಸ ಮುಂದುವರಿಸಬೇಕು. ಚಿತ್ರ, ಸದ್ದು, ವಾಸನೆ ಎಲ್ಲವನ್ನೂ ಈ ಮಾತಿನ ಅಳತೆಗೋಲಿನಿಂದಲೇ ಆರಿಸಿದ್ದೇವೆ. ಮಳೆಗೆ ಹೆದರಿಸುವ ಒಂದು ಚಿತ್ರವೂ ಇದರಲ್ಲಿ ಇಲ್ಲ.

ಐದೂ ಇಂದ್ರಿಯಗಳ ಪ್ರಚಾರ ಎಂಬುದು ಹೊಸ ವಿದೇಶಿ ಕಲ್ಪನೆಯೇ?

ಕರ್ನಾಟಕಕ್ಕಂತೂ ಹೊಸದಲ್ಲ. ಮೈಸೂರಿನಲ್ಲಿ 1916ರಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೆ ಬಂದ ಮೈಸೂರ್ ಸ್ಯಾಂಡಲ್ ಸೋಪನ್ನು ಕಣ್ಣು ಮುಚ್ಚಿಕೊಂಡು ಗುರುತಿಸುವವರು ಇವತ್ತಿಗೂ ಇದ್ದಾರೆ. ಅಂಗೈಗೆ ಅದರ ಅಂಡಾಕಾರ ಗೊತ್ತು, ಮೂಗಿಗೆ ಅದರ ಗಂಧ ಗೊತ್ತು.

ಈಚಿನ ಉದಾಹರಣೆಗಳೂ ಇವೆ. 2010ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿಗಾಗಿ, ದಿನಪತ್ರಿಕೆಯ ಪುಟ ತೆರೆದೊಡನೆ ಮಾತನಾಡುವ ಪುಟ್ಟ ಯಂತ್ರವನ್ನು ಆ ಪುಟಕ್ಕೇ ಅಂಟಿಸಿದ್ದರು. 2012ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಬಸ್ಸುಗಳಲ್ಲಿ ಡಂಕಿನ್ ಡೋನಟ್ಸ್ ಸಂಸ್ಥೆಯ ರೇಡಿಯೊ ಜಾಹೀರಾತು ಕೇಳಿಸುತ್ತಿದ್ದಂತೆ ಕಾಫಿಯ ಪರಿಮಳ ಹರಡುವ ವ್ಯವಸ್ಥೆ ಮಾಡಿದ್ದರು. 2013ರ ಕುಂಭಮೇಳದಲ್ಲಿ ಲೈಫ್‌ಬಾಯ್ ಸೋಪಿನವರು, ಕೈ ತೊಳೆದಿರಾ ಎಂದು ಕೇಳುವ ಸಾಲನ್ನು ಬಿಸಿ ರೊಟ್ಟಿಗಳ ಮೇಲೇ ಒತ್ತಿದರು. ನನ್ನ ಮನಸ್ಸು ಗೆದ್ದದ್ದು ಈ ಕೊನೆಯದು. ಊಟಕ್ಕೆ ಕೈ ಹಾಕುವ ಹೊತ್ತಿನಲ್ಲೇ ಕೈ ತೊಳೆಯುವ ನೆನಪು ಬರುತ್ತದೆ, ಅದೂ ದಿನವೂ ಮುಟ್ಟುವ ಆಹಾರದ ಮೂಲಕ. ಅಲ್ಲಿ ಶಾಯಿಯೂ ಬೇಕಿಲ್ಲ, ಕಾಗದವೂ ಬೇಕಿಲ್ಲ.

ಅದರಿಂದ ನಾವು ಕಲಿತದ್ದೇನೆಂದರೆ, ಪ್ರತಿ ಇಂದ್ರಿಯಕ್ಕೂ ಒಂದು ಕೆಲಸ ಇರಬೇಕು. ಸುಮ್ಮನೆ ಪರಿಮಳ ಚೆಲ್ಲಿ, ಜೋರಾಗಿ ಹಾಡು ಹಾಕಿದರೆ ಗಿರಾಕಿಗೆ ತಲೆನೋವು ಬರುತ್ತದೆಯೇ ಹೊರತು ರೈನ್‌ಕೋಟಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಅಂಗಡಿಗೆ ಮಂಡಕ್ಕಿ ಏಕೆ ಕಳುಹಿಸುತ್ತಿದ್ದೀರಿ?

ಹೆಚ್ಚು ಜನ ಕೇಳಿರುವ ಪ್ರಶ್ನೆ ಇದು, ನಮಗೆ ಅತ್ಯಂತ ಅಚ್ಚುಮೆಚ್ಚಿನ ಭಾಗವೂ ಇದೇ. ದಾವಣಗೆರೆಯವರಿಗೆ ಮಂಡಕ್ಕಿಯ ಗುಣ ಹೇಳಿಕೊಡಬೇಕಾಗಿಲ್ಲ. ಭಟ್ಟಿಯಿಂದ ಬಂದ ಮಂಡಕ್ಕಿ ಗರಿಗರಿಯಾಗಿರುತ್ತದೆ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ಮೆತ್ತಗಾಗಿಬಿಡುತ್ತದೆ. ತೇವವನ್ನು ಇಷ್ಟು ಬೇಗ ತೋರಿಸಿಕೊಡುವ, ಇಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ.

ಅಂಗಡಿಯಲ್ಲಿ ಮಾಡಬೇಕಾದದ್ದು ಹೀಗೆ. ಗಿರಾಕಿಯ ಕೈಯಿಂದಲೇ ಒಂದು ಹಿಡಿ ಮಂಡಕ್ಕಿಯನ್ನು ಕಾಗದದಲ್ಲಿ ಸುತ್ತಿಸಿ ರೈನ್‌ಕೋಟಿನ ಒಳಜೇಬಿಗೆ ಹಾಕಿಸಿ. ಜಿಪ್ ಎಳೆದು, ರೈನ್‌ಕೋಟನ್ನು ಮೊಳೆಗೆ ನೇತುಹಾಕಿ, ತೂತುಗಳಿರುವ ಚೊಂಬಿನಿಂದ ಭುಜ, ತೋಳಿನ ಹೊಲಿಗೆ ಮತ್ತು ಜೇಬಿನ ಮೇಲೆ ನೀರು ಸುರಿಯಿರಿ. ಗಿರಾಕಿ ಅವಸರದಲ್ಲಿಲ್ಲದಿದ್ದರೆ ಹತ್ತು ನಿಮಿಷ ಬಿಡಿ. ಬಳಿಕ ಅವರೇ ಜೇಬಿಗೆ ಕೈ ಹಾಕಿ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳಲಿ. ಹಲ್ಲಿನ ಕೆಳಗೆ ಕರುಂ ಎಂದರೆ ನೀವು ಇನ್ನೇನನ್ನೂ ಹೇಳಬೇಕಿಲ್ಲ. ಕಣ್ಣು ನೀರು ಜಾರುವುದನ್ನು ನೋಡಿತು, ಕೈ ಒಳಬಟ್ಟೆ ಒಣಗಿರುವುದನ್ನು ಮುಟ್ಟಿತು, ಕಿವಿಯೂ ನಾಲಿಗೆಯೂ ಸಾಕ್ಷಿ ಹೇಳಿದವು. ಮೆತ್ತಗಾಗಿದ್ದರೆ? ಆ ರೈನ್‌ಕೋಟನ್ನು ಮಾರಬೇಡಿ, ಘಟಕಕ್ಕೆ ವಾಪಸ್ ಕಳುಹಿಸಿ. ಇದು ತೋರಿಕೆಯ ಆಟವಾಗಬಾರದು, ನಿಜವಾದ ಪರೀಕ್ಷೆಯೇ ಆಗಬೇಕು ಎಂಬುದು ನಮ್ಮ ಹಟ.

ಚೊಂಬಿಗೆ ಕುಡಿಯುವ ನೀರನ್ನೇ ಬಳಸಿ, ಮಂಡಕ್ಕಿಯನ್ನು ಹೊಸ ಕಾಗದದಲ್ಲಿ ಸುತ್ತಿ. ಅಚ್ಚಾದ ಹಳೆಯ ಪತ್ರಿಕೆ ಬೇಡ, ಅದರ ಶಾಯಿ ಆಹಾರಕ್ಕೆ ಹತ್ತುತ್ತದೆ. ಬೀದಿಯಲ್ಲಿ ಮಿರ್ಚಿ ಹಾಕುವವರ ಗಾಡಿ ಹತ್ತಿರವಿದ್ದರೆ ಅವರೊಡನೆ ಮಾತನಾಡಿ, ರೈನ್‌ಕೋಟ್ ಕೊಂಡವರಿಗೆ ಎರಡು ಮಿರ್ಚಿಯ ಚೀಟಿ ಕೊಡಬಹುದು. ಚೀಟಿಯ ಹಣ ನಮ್ಮದು, ಗಾಡಿಯವರಿಗೆ ಆ ದಿನವೇ ಪಾವತಿ.

ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಎಲ್ಲಿಂದ ತರುತ್ತೀರಿ? ಸೆಂಟು ಸಿಂಪಡಿಸುತ್ತೀರಾ?

ಸೆಂಟು ಇಲ್ಲ. ಕುಂಬಾರರಿಂದ ಮಾಡಿಸಿದ, ಬಣ್ಣ ಬಳಿಯದ ಪುಟ್ಟ ಮಣ್ಣಿನ ಬಿಲ್ಲೆಗಳನ್ನು ಪ್ರತಿ ಅಂಗಡಿಗೂ ಕೊಡುತ್ತೇವೆ. ಒಣಗಿದ ಬಿಲ್ಲೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಹೊಸ ಮಡಕೆಗೆ ನೀರು ತುಂಬಿದಾಗ ಬರುವ ವಾಸನೆ ಏಳುತ್ತದೆ. ಸಂಜೆ ಬಿಸಿಲಿಗಿಟ್ಟು ಒಣಗಿಸಿದರೆ ಮತ್ತೆ ಬಳಸಬಹುದು.

ಇದರ ಹಿಂದಿರುವ ವಿಜ್ಞಾನವೂ ಸೊಗಸಾಗಿದೆ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ, ಒಣಗಿದ ಮಣ್ಣು ಮತ್ತು ಕಲ್ಲುಗಳು ಹೀರಿಕೊಂಡ ಎಣ್ಣೆಯಂಥ ಪದಾರ್ಥ ತೇವ ತಗುಲಿದಾಗ ಈ ಪರಿಮಳ ಬಿಡುತ್ತದೆ ಎಂದು ವಿವರಿಸಿದರು. ಇದರ ಜೊತೆಗೆ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಉತ್ಪಾದಿಸುವ ಜಿಯೋಸ್ಮಿನ್ ಸೇರುತ್ತದೆ. ಅದು ಗಾಳಿಯಲ್ಲಿ ಎಷ್ಟು ಅತ್ಯಲ್ಪ ಇದ್ದರೂ ಮನುಷ್ಯರ ಮೂಗು ಹಿಡಿದುಬಿಡುತ್ತದೆ. ದೀರ್ಘ ಒಣಹವೆಯ ಬಳಿಕ ಬಿದ್ದ ಮೊದಲ ಮಳೆಗೆ ವಾಸನೆ ಜೋರು. ಹಾಗಾಗಿ ಈ ಆನಂದದಲ್ಲಿ ಬಯಲುಸೀಮೆಯವರಿಗೆ ಮಲೆನಾಡಿನವರಿಗಿಂತ ಹೆಚ್ಚಿನ ಪಾಲಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ, ಆ ಆವಿಯನ್ನು ಶ್ರೀಗಂಧದ ಎಣ್ಣೆಯಲ್ಲಿ ಹಿಡಿದು ಮಣ್ಣಿನ ಅತ್ತರು ಮಾಡುತ್ತಾರೆ. ಅದನ್ನು ತರಿಸುವ ಯೋಚನೆ ಮೊದಲು ಬಂದಿತ್ತು. ಆದರೆ ಬೆಲೆ ಹೆಚ್ಚು, ಕೆಲವರಿಗೆ ಸುಗಂಧ ಆಗಿಬರುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಮಣ್ಣೇ ಇರುವಾಗ ದೂರದ ಮಣ್ಣೇಕೆ?

ಇನ್ನೊಂದು ಮಾತು ಅಂಗಡಿಯವರಿಗೆ. ಅಗ್ಗದ ಪಿವಿಸಿ ರೈನ್‌ಕೋಟುಗಳನ್ನು ಬಿಚ್ಚಿದಾಗ ಬರುವ ಘಾಟನ್ನು ಮುಚ್ಚಲು ಪರಿಮಳ ಬಳಸುವವರಿದ್ದಾರೆ. ಬಿಲ್ಲೆಯನ್ನು ಅದಕ್ಕಾಗಿ ಬಳಸಬೇಡಿ. ಗಿರಾಕಿ ರೈನ್‌ಕೋಟನ್ನು ಮೂಗಿಗೆ ಹಿಡಿದು ನೋಡಲಿ. ನಮ್ಮದು ಒಳಮೈಗೆ ಲೇಪನವಿರುವ ಪಾಲಿಯೆಸ್ಟರ್ ಬಟ್ಟೆ. ಅದರ ವಾಸನೆ ಇಷ್ಟವಾಗದಿದ್ದರೆ ಕೊಳ್ಳದಿರುವ ಹಕ್ಕು ಅವರದು.

ಕಂಬಳಿಯನ್ನು ನೈಲಾನಿನಲ್ಲಿ ನಕಲು ಮಾಡುತ್ತಿದ್ದೀರಾ?

ಇಲ್ಲ. ಚಳ್ಳಕೆರೆ ಕಡೆಯ ನೇಕಾರರು ಇದನ್ನು ಕೇಳಿದಾಗ ಅವರ ಆತಂಕ ನಮಗೆ ಅರ್ಥವಾಯಿತು, ಆದ್ದರಿಂದ ಉತ್ತರ ಸ್ವಲ್ಪ ವಿವರವಾಗಿಯೇ ಇರಲಿ.

ಈ ಸೀಮೆಯ ಮೊದಲ ರೈನ್‌ಕೋಟ್ ಕಂಬಳಿಯೇ. ದಖ್ಖನಿ ಕುರಿಯ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಕೊಟ್ಟು ನೂಲನ್ನು ಬಿರುಸು ಮಾಡಿ, ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿ ಸಣ್ಣ ಮಳೆಯನ್ನು ಮೇಲೆಯೇ ಜಾರಿಸುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಎನ್ನಿಸದು, ಚಳಿಯೂ ಆಗದು. ಕುರಿ ಕಾಯುವವರು ಅದರ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಬೆನ್ನು ಪೂರ್ತಿ ಮುಚ್ಚುತ್ತದೆ. ಕಂಬಳಿ ಇಲ್ಲದವರು ಗೋಣಿಚೀಲದಲ್ಲೂ ಅದೇ ಕೊಪ್ಪೆ ಮಾಡಿಕೊಳ್ಳುತ್ತಾರೆ.

ನಾವು ಎರವಲು ಪಡೆದದ್ದು ಈ ಆಕಾರದ ಜಾಣ್ಮೆಯನ್ನು. ಪೇಟೆಯ ರೈನ್‌ಕೋಟನ್ನು ನೆಟ್ಟಗೆ ನಿಂತ ಮನುಷ್ಯನಿಗಾಗಿ ಕತ್ತರಿಸಿರುತ್ತಾರೆ. ಅದನ್ನು ತೊಟ್ಟು ಕಳೆ ತೆಗೆಯಲು ಬಗ್ಗಿದರೆ ಹಿಂಭಾಗ ಮೇಲೆ ಸರಿದು ಸೊಂಟವೆಲ್ಲ ನೆನೆಯುತ್ತದೆ. ಸೀರೆಯುಟ್ಟ ಹೆಣ್ಣುಮಕ್ಕಳಿಗೆ ಪ್ಯಾಂಟಿನ ಜೋಡಿ ಉಪಯೋಗಕ್ಕೇ ಬರುವುದಿಲ್ಲ. ಕೊಪ್ಪೆಯಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅದು ಬಗ್ಗಿ ದುಡಿಯುವವರು ತಾವೇ ಕಂಡುಕೊಂಡ ಉಡುಪು. ನಮ್ಮ ಒಂದು ಮಾದರಿಯಲ್ಲಿ ಟೋಪಿ ಮತ್ತು ಬೆನ್ನು ಒಂದೇ ಬಟ್ಟೆಯಲ್ಲಿ ಇಳಿಯುತ್ತವೆ, ಹಿಂಭಾಗ ಮುಂಭಾಗಕ್ಕಿಂತ ಉದ್ದವಾಗಿದೆ, ಸೀರೆಯ ನೆರಿಗೆಗೆ ಜಾಗವಿದೆ. ಈ ಜ್ಞಾನ ಯಾರಿಂದ ಬಂತು ಎಂಬುದನ್ನು ರೈನ್‌ಕೋಟಿನ ಚೀಟಿಯಲ್ಲಿ ಅಚ್ಚು ಹಾಕಿದ್ದೇವೆ.

ಅಂಗಡಿಯಲ್ಲಿ ರೈನ್‌ಕೋಟಿನ ಪಕ್ಕ ಒಂದು ನಿಜವಾದ ಕಂಬಳಿ ತೂಗುತ್ತದೆ, ಗಿರಾಕಿ ಎರಡನ್ನೂ ಮುಟ್ಟಿ ನೋಡಲಿ ಎಂದು. ಅದನ್ನು ನೇಕಾರರು ಹೇಳಿದ ಬೆಲೆಗೇ ಕೊಂಡಿದ್ದೇವೆ, ಚೌಕಾಸಿ ಮಾಡಿಲ್ಲ. ಕಂಬಳಿಯನ್ನು ಕೇಳಿದವರಿಗೆ ನೇಕಾರರ ದಾರಿ ತೋರಿಸಬೇಕು ಎಂಬುದು ಅಂಗಡಿಯವರಿಗೆ ನಮ್ಮ ಷರತ್ತು. ಕುರುಬ ಸಮುದಾಯದ ಮನೆಗಳಲ್ಲಿ ಕರಿಕಂಬಳಿಗೆ ಪೂಜೆಯ, ಶುಭಕಾರ್ಯದ ಸ್ಥಾನವಿದೆ. ಆದ್ದರಿಂದ ಅದನ್ನು ನೆಲಕ್ಕೆ ಹಾಸಿ ಅದರ ಮೇಲೆ ಸರಕು ಜೋಡಿಸಬಾರದು, ಬೊಂಬೆಗೆ ಸುತ್ತಬಾರದು.

ಸದ್ದಿಗೆ ಏನು ಮಾಡುತ್ತಿದ್ದೀರಿ? ಧ್ವನಿವರ್ಧಕವೇ?

ಧ್ವನಿವರ್ಧಕ ಇಲ್ಲ. ಅಂಗಡಿಯ ಮುಂದೆ ಒಂದು ತಗಡಿನ ತುಂಡು, ಒಂದು ಒಣ ಮುತ್ತುಗದ ಎಲೆ, ಒಂದು ರೈನ್‌ಕೋಟ್ ಬಟ್ಟೆ ಇಟ್ಟು, ಮೇಲಿಂದ ಹನಿ ಬೀಳುವಂತೆ ಮಾಡಿದ್ದೇವೆ. ಮೂರರ ಸದ್ದೂ ಬೇರೆ ಬೇರೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಸಂತೆಯ ದಿನ ತಮಟೆ ಬಾರಿಸುವ ಕಲಾವಿದರು ಬರುತ್ತಾರೆ. ತೇವಕ್ಕೆ ತಮಟೆಯ ಚರ್ಮ ಸಡಿಲವಾಗಿ ದನಿ ಕುಗ್ಗುತ್ತದೆ, ಬೆಂಕಿಗೆ ಕಾಯಿಸಿದರೆ ಮತ್ತೆ ಬಿಗಿಯುತ್ತದೆ. ಹಾಗಾಗಿ ತಮಟೆಗೂ ಒಂದು ರೈನ್‌ಕೋಟ್ ಹೊಲಿದಿದ್ದೇವೆ. ಮಳೆ ಬಂದಾಗ ಅವರು ಅದನ್ನು ಹೊದಿಸಿ ಕಾಪಾಡಿಕೊಂಡು, ಮಳೆ ನಿಂತೊಡನೆ ಮತ್ತೆ ಬಾರಿಸಬಹುದು. ಸಂಭಾವನೆ ಮೊದಲೇ ಮಾತಾಗಿದೆ. ಮಳೆಯಿಂದ ಸಂತೆ ಕದಡಿದರೂ ಅದು ಕಡಿತವಾಗುವುದಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಒಳಗೆ ತಮಟೆ ಬೇಡ.

ಸದ್ದಿನ ಬಗ್ಗೆ ಯೋಚಿಸುವಾಗ ಉಡುಪಿನಲ್ಲೇ ಒಂದು ಬದಲಾವಣೆ ಆಯಿತು. ದಪ್ಪ ಟೋಪಿ ಕಿವಿ ಮುಚ್ಚಿದರೆ ಹಿಂದಿನ ಲಾರಿಯ ಹಾರ್ನ್ ಸರಿಯಾಗಿ ಕೇಳಿಸುವುದಿಲ್ಲ. ಹೆದ್ದಾರಿ ದಾಟಿ ಹೊಲಕ್ಕೆ ಹೋಗುವವರಿಗೆ ಇದು ಪ್ರಾಣದ ವಿಷಯ. ಕಿವಿಯ ಜಾಗದಲ್ಲಿ ತೆಳುವಾದ ಬಟ್ಟೆ ಹಾಕಿಸಿದ್ದು ಅದಕ್ಕಾಗಿ.

ಮಳೆ ನಕ್ಷತ್ರಗಳ ಪಟ್ಟಿ ಯಾವುದಕ್ಕೆ? ಅದು ಹವಾಮಾನ ಮುನ್ಸೂಚನೆಯೇ?

ಮುನ್ಸೂಚನೆಯಲ್ಲ. ಅದಕ್ಕೆ ಹವಾಮಾನ ಇಲಾಖೆ ಇದೆ. ಈ ಪಟ್ಟಿ ನಮ್ಮ ರೈತರು ಕಾಲವನ್ನು ಎಣಿಸುವ ಕ್ರಮ. ಮೇ ಕೊನೆಯ ವಾರದ ರೋಹಿಣಿ, ಜೂನ್ ಎಂಟರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರಾ, ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಚಿತ್ತಾ, ಸ್ವಾತಿಯವರೆಗೆ ಸಾಗುತ್ತದೆ. ಪ್ರತಿ ಮಳೆಯ ಹೆಸರಿನ ಎದುರು ಖಾಲಿ ಜಾಗವಿದೆ. ನಿಮ್ಮೂರಿನಲ್ಲಿ ಆ ಮಳೆ ಬಂತೇ, ಹದವಾಯಿತೇ, ಕೈಕೊಟ್ಟಿತೇ ಎಂದು ನೀವೇ ಬರೆದುಕೊಳ್ಳಬಹುದು. ಭರಣಿ ಸುರಿದರೆ ಧರಣಿ ಬದುಕೀತು, ಮಖೆ ಮಳೆ ಬಂದಷ್ಟೂ ಒಳ್ಳೆಯದು ಮನೆ ಮಗ ಉಂಡಷ್ಟೂ ಒಳ್ಳೆಯದು ಎಂಬಂಥ ಗಾದೆಗಳೂ ಅಲ್ಲಿವೆ. ಒಂದನ್ನು ಗಮನಿಸಿ, ಈ ಗಾದೆಗಳಲ್ಲಿ ಮಳೆಯ ಮೇಲೆ ಅಕ್ಕರೆಯೇ ತುಂಬಿದೆ.

ವ್ಯಾಪಾರಕ್ಕೂ ಇದರಿಂದ ದಾರಿ ಸಿಗುತ್ತದೆ. ಸಗಟು ವ್ಯಾಪಾರದವರು ಕರಾವಳಿಯ ಲೆಕ್ಕದಲ್ಲಿ ಜುಲೈ ಮುಗಿಯುತ್ತಿದ್ದಂತೆ ರೈನ್‌ಕೋಟ್ ಕಟ್ಟಿಡುತ್ತಾರೆ. ಚಿತ್ರದುರ್ಗದ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರಾ, ಹಸ್ತಾ, ಚಿತ್ತಾ ಮಳೆಗಳು ಮುಗಿಯುವವರೆಗೆ ನಿಮ್ಮ ಅಂಗಡಿಯಲ್ಲಿ ಸರಕು ಇರಲಿ.

ಬಸ್ ನಿಲ್ದಾಣದ ನೆಲದ ಮೇಲೆ ಮಳೆ ಬಂದಾಗ ಮಾತ್ರ ಅಕ್ಷರ ಕಾಣುತ್ತದಂತೆ, ಹೌದೇ?

ಹೌದು. ನೀರು ಹಿಡಿಯದ ಬಣ್ಣರಹಿತ ದ್ರಾವಣವನ್ನು ಅಚ್ಚಿನ ಮೂಲಕ ಕಾಂಕ್ರೀಟಿನ ಮೇಲೆ ಹಾಕುತ್ತಾರೆ. ಮಳೆ ಬಂದಾಗ ಸುತ್ತಲಿನ ನೆಲ ನೆನೆದು ಕಪ್ಪಾಗುತ್ತದೆ, ದ್ರಾವಣ ಬಿದ್ದ ಜಾಗ ಒಣಗಿದಂತೆಯೇ ಉಳಿದು ಅಕ್ಷರವಾಗಿ ಮೂಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಈ ಬಗೆಯ ಬೀದಿ ಚಿತ್ರಗಳು ಹೆಸರು ಮಾಡಿವೆ. ನಮ್ಮಲ್ಲಿ ಆ ದಿನಗಳ ಮಳೆಯ ಹೆಸರು ಮತ್ತು ಒಂದು ಗಾದೆ ಮಾತ್ರ ಮೂಡುತ್ತದೆ, ಬೆಲೆಯಲ್ಲ. ಸಂಬಂಧಪಟ್ಟವರ ಒಪ್ಪಿಗೆ ಸಿಕ್ಕ ಕಡೆ ಮಾತ್ರ ಇದನ್ನು ಹಾಕುತ್ತೇವೆ.

ಫ್ಲೆಕ್ಸ್ ಕಟ್ಟಬಹುದೇ?

ಬೇಡ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದಲೇ ನಿಷೇಧವಿದೆ. ಬಟ್ಟೆಯ ಮೇಲೆ ಕೈಯಲ್ಲಿ ಬರೆಯುವ ಕಲಾವಿದರಿಂದ ಬರೆಸಿದ ಬ್ಯಾನರ್ ಕೊಡುತ್ತೇವೆ.

ಚಿತ್ರದುರ್ಗದ ಕೋಟೆಯಲ್ಲಿ ಪ್ರಚಾರ ಇಟ್ಟುಕೊಳ್ಳಬಾರದೇ? ಪ್ರವಾಸಿಗರು ಬಹಳ ಬರುತ್ತಾರೆ.

ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಅದರೊಳಗೆ ಅನುಮತಿಯಿಲ್ಲದೆ ಮಾರಾಟಕ್ಕೂ ಜಾಹೀರಾತಿಗೂ ಅವಕಾಶವಿಲ್ಲ, ನಾವು ಅನುಮತಿ ಕೇಳುವುದೂ ಇಲ್ಲ. ಬಂಡೆಗಳ ಮೇಲೆ ಬಿದ್ದ ನೀರನ್ನು ಗೋಪಾಲಸ್ವಾಮಿ ಹೊಂಡಕ್ಕೂ ಅಕ್ಕ ತಂಗಿ ಹೊಂಡಕ್ಕೂ ಹರಿಸಿ ಉಳಿಸಿದವರ ಜಾಗ ಅದು. ಮಳೆಯನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದಕ್ಕೆ ಆ ಹೊಂಡಗಳಿಗಿಂತ ದೊಡ್ಡ ಪಾಠವಿಲ್ಲ. ಆ ಕಥೆಯನ್ನು ನಮ್ಮ ಕೈಪತ್ರದಲ್ಲಿ ಬರೆದಿದ್ದೇವೆ, ಅಷ್ಟು ಸಾಕು.

ಜೋಕುಮಾರಸ್ವಾಮಿ, ಗುರ್ಜಿ, ಕಪ್ಪೆ ಮದುವೆ ಇವುಗಳನ್ನು ಏಕೆ ಬಳಸಿಲ್ಲ?

ಏಕೆಂದರೆ ಅವು ಮೊರೆ. ಮಳೆ ಬಾರದೆ ಕಂಗೆಟ್ಟವರು ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರೆ, ಭಾದ್ರಪದದಲ್ಲಿ ಹೆಣ್ಣುಮಕ್ಕಳು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹಾಡುತ್ತಾರೆ. ಅದನ್ನು ಜಾಹೀರಾತಿಗೆ ಎಳೆತರುವುದು ನಮಗೆ ಸರಿ ಕಾಣಲಿಲ್ಲ. ಸಂಸ್ಕೃತಿಯಿಂದ ಸ್ಫೂರ್ತಿ ಪಡೆಯುವುದು ಎಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದಲ್ಲ. ಅಡುಗೆ, ಗಾದೆ, ಉಡುಪಿನ ಆಕಾರ ಹಂಚಿಕೊಳ್ಳುವಂಥವು. ಪೂಜೆ ಅದನ್ನು ಮಾಡುವವರಿಗೆ ಸೇರಿದ್ದು. ದೇವರ ಚಿತ್ರವಿರುವ ರೈನ್‌ಕೋಟ್ ಕೇಳಿದರೂ ಹೊಲಿದು ಕೊಡುವುದಿಲ್ಲ.

ಒಂದು ಹನಿಯೂ ಒಳಗೆ ಬರುವುದಿಲ್ಲ ಎಂದು ಗಿರಾಕಿಗೆ ಹೇಳಬಹುದೇ?

ದಯವಿಟ್ಟು ಹೇಳಬೇಡಿ. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ತಡೆಯುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಆ ಅಂಕಿ ಚೀಟಿಯಲ್ಲಿದೆ. ಆದರೆ ನೀರು ಸಾಮಾನ್ಯವಾಗಿ ನುಗ್ಗುವುದು ಸೂಜಿಯ ತೂತುಗಳಲ್ಲಿ, ಕುತ್ತಿಗೆಯಲ್ಲಿ, ಜಿಪ್ಪಿನಲ್ಲಿ. ಹೊಲಿಗೆಯ ಮೇಲೆ ಒಳಗಡೆ ಪಟ್ಟಿ ಅಂಟಿಸಿದ್ದೇವೆ. ಬಿಸಿ ನೀರಿನಲ್ಲಿ ಒಗೆದರೆ, ಇಸ್ತ್ರಿ ಹಾಕಿದರೆ ಅದು ಏಳುತ್ತದೆ. ಬೈಕಿನ ವೇಗಕ್ಕೆ ಎದುರಿನಿಂದ ಹೊಡೆಯುವ ಮಳೆಯಲ್ಲಿ ಕುತ್ತಿಗೆ ಸ್ವಲ್ಪ ನೆನೆಯಬಹುದು. ಬೆವರಿನ ತೇವವೂ ಒಳಗೆ ನಿಲ್ಲಬಹುದು. ಇದನ್ನೆಲ್ಲ ಹೇಳಿಯೇ ಮಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದಂಡದ ಮಾತು ಹಾಗಿರಲಿ, ನೆನೆದು ಮನೆಗೆ ಹೋದವರು ನಿಮ್ಮ ಅಂಗಡಿಗೆ ಮತ್ತೆ ಬರುವುದಿಲ್ಲ.

ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಈ ಪ್ರಚಾರದಲ್ಲಿ ಏನಿದೆ?

ಇಡೀ ಪ್ರಚಾರವೇ ಅವರಿಗೂ ತೆರೆದಿದೆ. ಮಣ್ಣಿನ ಬಿಲ್ಲೆ, ಕಂಬಳಿಯ ಬಿರುಸು, ಮಂಡಕ್ಕಿಯ ಪರೀಕ್ಷೆ ಇವುಗಳಿಗೆ ಕಣ್ಣು ಬೇಕಾಗಿಲ್ಲ. ನೆಲದ ಅಕ್ಷರ, ಗಾದೆಯ ಪಟ್ಟಿಗೆ ಕಿವಿ ಬೇಕಾಗಿಲ್ಲ. ಅಳತೆಯನ್ನು ಬೆರಳಿನಿಂದ ತಿಳಿಯಲು ಕುತ್ತಿಗೆ ಪಟ್ಟಿಯ ಒಳಗೆ ಉಬ್ಬು ಗಂಟುಗಳನ್ನು ಹೊಲಿದಿದ್ದೇವೆ: ಚಿಕ್ಕದಕ್ಕೆ ಒಂದು, ಮಧ್ಯಮಕ್ಕೆ ಎರಡು, ದೊಡ್ಡದಕ್ಕೆ ಮೂರು. ಅಂಗಡಿಯವರು ಅವಸರಪಡಿಸದೆ ಮುಟ್ಟಿ ನೋಡಲು ಬಿಡಬೇಕು.

ಮಕ್ಕಳ ರೈನ್‌ಕೋಟ್ ಹಳದಿಯೇ ಏಕೆ?

ಮೋಡ ಮುಸುಕಿದ ಮಬ್ಬಿನಲ್ಲಿ ವಾಹನ ಓಡಿಸುವವರಿಗೆ ಬೇಗ ಕಾಣಲಿ ಎಂದು. ಬೆನ್ನ ಮೇಲೆ ಬೆಳಕು ಬಿದ್ದಾಗ ಹೊಳೆಯುವ ಪಟ್ಟಿಯೂ ಇದೆ. ಶಾಲೆಯ ಚೀಲ ಅದನ್ನು ಮುಚ್ಚದಂತೆ ತೋಳಿಗೂ ಹಾಕಿದ್ದೇವೆ.

ಈ ವರ್ಷ ಮಳೆಯೇ ಕೈಕೊಟ್ಟರೆ?

ಪ್ರಚಾರ ನಿಲ್ಲುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಅಂಥ ವರ್ಷ ಬಿತ್ತಿದ ಬೀಜ ಒಣಗುತ್ತಿರುವಾಗ ಅಂಗಡಿಯ ಮುಂದೆ ಹನಿಯ ಸದ್ದು ಕೇಳಿಸುವುದು, ಮಣ್ಣಿನ ವಾಸನೆ ಹಿಡಿಸುವುದು ಕ್ರೂರ. ನಿಮ್ಮ ತಾಲ್ಲೂಕಿನಲ್ಲಿ ಆರಿದ್ರಾ ಮುಗಿದರೂ ಬಿತ್ತನೆಗೆ ಹದವಾಗದಿದ್ದರೆ ನಮಗೆ ತಿಳಿಸಿ, ತಗಡು, ಬಿಲ್ಲೆ, ಬ್ಯಾನರ್ ಎಲ್ಲವನ್ನೂ ನಾವೇ ಬಂದು ತೆಗೆಯುತ್ತೇವೆ. ತಮಟೆಯವರಿಗೆ ಒಪ್ಪಿಕೊಂಡ ಸಂಭಾವನೆ ಸಲ್ಲುತ್ತದೆ. ಮಾರಾಟವಾಗದ ರೈನ್‌ಕೋಟ್‌ಗಳನ್ನು ದೀಪಾವಳಿಯವರೆಗೆ ಇಟ್ಟುಕೊಳ್ಳಬಹುದು, ಬೇಡವಾದರೆ ಕೊಂಡ ಬೆಲೆಗೇ ಘಟಕ ವಾಪಸ್ ಪಡೆಯುತ್ತದೆ, ಸಾಗಣೆಯ ಖರ್ಚು ಘಟಕದ್ದೇ. ಮಳೆ ನಕ್ಷತ್ರಗಳ ಪಟ್ಟಿ ಮಾತ್ರ ಗೋಡೆಯ ಮೇಲೆ ಇರಲಿ. ತಡವಾಗಿಯಾದರೂ ಬಂದ ಮಳೆಯನ್ನು ಬರೆದುಕೊಳ್ಳಲು ಬೇಕಾಗುತ್ತದೆ.